ಜಗಲಿಯ ಮೇಲಿನ ಸಿಗರೇಟ್ ಮುಡಿಪು

ಏಳು ತಿಂಗಳ ಕಾಲ ನಮ್ಮ ಮನೆಯ ದೇವರ ಜಗಲಿಯ ಮೇಲೆ ಒಂದು ಸಿಗರೇಟ್ ಪ್ಯಾಕಿಗೆ ದಿನಾ ಪೂಜೆ ನಡೆಯಿತು. ಬಸವಣ್ಣನ ಫೋಟೋದ ಎಡಕ್ಕೆ, ಗಂಟೆಯ ಪಕ್ಕದಲ್ಲಿ, ಹಳದಿ ಬಟ್ಟೆಯೊಳಗೆ ಗಂಟು ಕಟ್ಟಿಸಿಕೊಂಡು ಅದು ಕೂತಿತ್ತು. ಹೆಂಡತಿ ಎಲ್ಲ ದೇವರಿಗೂ ಒಂದೊಂದು ಹೂವು ಇಟ್ಟು ಕೊನೆಗೆ ಅದಕ್ಕೂ ಒಂದು ಇಡುತ್ತಿದ್ದಳು. ಸ್ನಾನ ಮುಗಿಸಿ ಬಂದು ನಾನು ಕೈ ಮುಗಿಯಬೇಕಿತ್ತು. ಅಲ್ಲಿಯವರೆಗೆ ದೇವರ ಮುಂದೆ ನಿಂತಾಗ ನಾಷ್ಟಾದ ಯೋಚನೆ ಬಿಟ್ಟು ಬೇರೇನೂ ಮಾಡದವನು ನಾನು. ಆದರೆ ಆ ಏಳು ತಿಂಗಳು ಕಣ್ಣು ಮುಚ್ಚಿ, ತುಟಿ ನಡುಗಿಸಿ, ಮೈಮರೆತು ನಿಲ್ಲುತ್ತಿದ್ದೆ. ಈ ವಯಸ್ಸಿಗಾದರೂ ಇವನಿಗೆ ಭಕ್ತಿ ಬಂತಲ್ಲ ಎಂದು ಪಕ್ಕದ ಮನೆಯವರು ಮಾತಾಡಿಕೊಂಡರಂತೆ. ಬಂದದ್ದು ನಿಜ, ಯಾರ ಮೇಲೆ ಬಂತು ಎಂದು ಅವರು ಕೇಳಲಿಲ್ಲ.

ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಸ್ಟರ್. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮಷೀನು ಓಡಿಸಿದರೆ ಒಂದೇ ಸಲಕ್ಕೆ ಐವತ್ತು ಅರವತ್ತು ಎಡಗಾಲು ಕತ್ತರಿಸಿ ಬೀಳುತ್ತವೆ. ಕೈ ಒಂದು ಕೂದಲೆಳೆ ಜಾರಿದರೆ ಅಷ್ಟೂ ಎಡಗಾಲು ಕುಂಟ. ಇಂಥ ಕೆಲಸ ಮಾಡುವವನಿಗೆ ಸಿಗರೇಟು ಬೇಕೇ ಬೇಕು ಎಂದು ನಾನು ಮೂವತ್ತೈದು ವರ್ಷ ವಾದ ಮಾಡಿಕೊಂಡು ಬಂದಿದ್ದೆ. ಎದುರು ವಾದಿಸುವವರು ಯಾರೂ ಇರಲಿಲ್ಲ, ಆದ್ದರಿಂದ ನಾನೇ ಗೆಲ್ಲುತ್ತಿದ್ದೆ. ವರ್ಕ್‌ಶಾಪಿನ ಹಿಂದೆಯೇ ನಮ್ಮ ಎರಡು ಕೋಣೆಯ ಮನೆ. ಹೆಂಡತಿ ಅಲ್ಲೇ ನೆಲದ ಮೇಲೆ ಕೂತು, ಹೊಲಿಗೆ ಮುಗಿದ ಪ್ಯಾಂಟುಗಳ ಉಳಿಕೆ ದಾರ ಕತ್ತರಿಸುತ್ತಾಳೆ. ಹೊಗೆ ಹೊರಗೆ ಹೋಗಲೆಂದು ನಾನು ಕಿಟಕಿಯ ಹತ್ತಿರವೇ ಕೂತು ಸೇದುತ್ತಿದ್ದೆ. ಗಾಳಿ ಆ ಕಿಟಕಿಯಿಂದ ಒಳಕ್ಕೆ ಬೀಸುತ್ತದೆ ಎಂಬುದು ಅಷ್ಟು ವರ್ಷ ನನ್ನ ತಲೆಗೆ ಬಂದಿರಲಿಲ್ಲ. ಬಂದಿರಲಿಲ್ಲವೋ, ಬರಗೊಟ್ಟಿರಲಿಲ್ಲವೋ.

ಹೆಂಡತಿಗೆ ಕೆಮ್ಮು ಶುರುವಾಗಿ ಎರಡು ವರ್ಷವಾಗಿತ್ತು. ಬೆಳಗಿನ ಹೊತ್ತು ಒಲೆ ಮುಂದೆ ನಿಂತವಳು ಹೊಟ್ಟೆ ಹಿಡಿದುಕೊಂಡು ಬಗ್ಗಿಬಿಡುತ್ತಿದ್ದಳು. ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಂದು ನಳಿಗೆಯೊಳಗೆ ಊದಿಸಿದರು, ಎದೆಯ ಫೋಟೋ ತೆಗೆಸಿದರು. ಡಾಕ್ಟರು ಕಾಗದ ನೋಡಿ ಬಹಳ ಸಹಜವಾಗಿ ಅವಳನ್ನು ಕೇಳಿದರು, "ಅಮ್ಮ, ಎಷ್ಟು ವರ್ಷದಿಂದ ಬೀಡಿ ಸೇದ್ತೀರಿ?"

ಅವಳಿಗೆ ನಗು ಬಂತು. ನಕ್ಕದ್ದೇ ಕೆಮ್ಮಾಯಿತು. ಕೆಮ್ಮಿ ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು, "ನಾ ಸೇದಂಗಿಲ್ರಿ" ಎಂದಳು. ಡಾಕ್ಟರು ನನ್ನ ಕಡೆ ತಿರುಗಿದರು. ನಾನು ತಕ್ಷಣ, "ಬಟ್ಟಿ ಧೂಳು ರೀ ಅದು, ಜೀನ್ಸ್ ಕೆಲಸದ ಧೂಳು" ಎಂದೆ. ಅವರು ನನ್ನ ಅಂಗಿಯ ಜೇಬನ್ನು ನೋಡುತ್ತಿದ್ದರು. ಅಲ್ಲಿ ಪ್ಯಾಕಿನ ತಲೆ ಹೊರಗೆ ಇಣುಕುತ್ತಿತ್ತು.

"ಧೂಳೂ ಐತಿ, ಇಲ್ಲ ಅನ್ನಲ್ಲ," ಎಂದರು ಡಾಕ್ಟರು. "ಅದಕ್ಕ ಮುಖಕ್ಕ ಬಟ್ಟೆ ಕಟ್ಟಿಕೊಳ್ಳಲಿ. ನಿಮ್ಮ ಹೊಗೆಗೆ ಏನು ಕಟ್ಟಿಕೊಳ್ಳಬೇಕು ಅವರು? ಹಿಂಗೇ ನಡೆದರ ಇನ್ನು ಸ್ವಲ್ಪ ವರ್ಷಕ್ಕ ಮೆಟ್ಟಿಲು ಹತ್ತಲಿಕ್ಕೂ ಆಗಲ್ಲ ಇವರಿಗೆ."

ನನಗೆ ಸಿಟ್ಟು ಬಂತು. ಡಾಕ್ಟರ ಮೇಲೆ ಬಂತು, ಆ ನಳಿಗೆಯ ಮೇಲೆ ಬಂತು, ನಕ್ಕ ಹೆಂಡತಿಯ ಮೇಲೂ ಬಂತು. ಹೊರಗೆ ಬಂದು ಆಸ್ಪತ್ರೆ ಗೇಟಿನ ಹತ್ತಿರ ಸಿಗರೇಟು ಹಚ್ಚಲು ಹೋದೆ. ಅವಳು ಪಕ್ಕದಲ್ಲಿ ನಿಂತು, ದಿನಾ ನಿಲ್ಲುವ ಹಾಗೆಯೇ, ಮುಖವನ್ನು ಸ್ವಲ್ಪ ಆ ಕಡೆ ತಿರುಗಿಸಿಕೊಂಡಳು. ಎಷ್ಟು ವರ್ಷದಿಂದ ಹೀಗೆ ತಿರುಗಿಸಿಕೊಳ್ಳುತ್ತಿದ್ದಾಳೆ ಎಂದು ಅವತ್ತು ಮೊದಲ ಸಲ ಅನ್ನಿಸಿತು. ಕಡ್ಡಿ ಗೀರದೆ ವಾಪಸ್ ಪೆಟ್ಟಿಗೆಗೆ ಹಾಕಿದೆ. ನಾಚಿಕೆಯಾಗಿತ್ತು.

ಬಿಡಬೇಕು ಅಂದುಕೊಂಡ ಮೇಲೆ ನಾನು ಮೊದಲು ಮಾಡಿದ್ದು ನನ್ನ ಕಸುಬಿಗೆ ತಕ್ಕದ್ದೇ. ಜೇಬು ಇದ್ದರೆ ತಾನೇ ಪ್ಯಾಕು ಎಂದು, ಇದ್ದ ಒಂಬತ್ತು ಅಂಗಿಗಳ ಎದೆಯ ಜೇಬನ್ನೂ ಹೊಲಿಗೆ ಬಿಚ್ಚಿ ತೆಗೆದೆ. ಅಂಗಿಗಳೆಲ್ಲ ಹಳೆಯವು, ಬಣ್ಣ ಮಾಸಿದವು. ಜೇಬು ಇದ್ದ ಜಾಗದಲ್ಲಿ ಮಾತ್ರ ಬಟ್ಟೆ ಹೊಸದಾಗಿ ಉಳಿದುಕೊಂಡಿತ್ತು. ಎಡ ಎದೆಯ ಮೇಲೆ ಗಾಢ ಬಣ್ಣದ ಒಂದು ಚೌಕ ಹೊತ್ತುಕೊಂಡು ನಾನು ಬಜಾರಿನಲ್ಲಿ ಓಡಾಡಿದೆ. ಎದುರು ಸಿಕ್ಕವರೆಲ್ಲ ಅದನ್ನೇ ನೋಡಿ "ಏನಾತು ಮಾಸ್ಟರ್, ಆಪರೇಷನ್ ಏನು?" ಎನ್ನುವವರು. ಕೈ ಮಾತ್ರ ಗಂಟೆಗೊಮ್ಮೆ ಆ ಚೌಕವನ್ನು ತಡವಿ, ಏನೂ ಸಿಗದೆ ಅಲ್ಲೇ ಉಳಿಯುತ್ತಿತ್ತು.

ಆಸ್ಪತ್ರೆಯಲ್ಲೇ ತಂಬಾಕು ಬಿಡಿಸುವ ಒಂದು ಚಿಕ್ಕ ಕೋಣೆ ಇದೆ. ಅಲ್ಲಿ ಕೂತಿದ್ದ ಹುಡುಗಿ ನನಗೆ ಮಗಳಾಗುವಷ್ಟು ವಯಸ್ಸಿನವಳು, ನನ್ನನ್ನು 'ಸರ್' ಎಂದಳು. ಐವತ್ತೆರಡು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ, ಹಾಗಾಗಿ ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಜಗಿಯುವ ಔಷಧದ ಗೋಲಿ ಇದೆ, ತಗೊಳ್ಳಿ ಎಂದಾಗ ಮಾತ್ರ, "ಗೋಲಿ ತಗೊಳ್ಳುವಷ್ಟು ರೋಗ ನನಗೇನೂ ಇಲ್ಲ" ಎಂದು ಜಂಬ ತೋರಿಸಿದೆ. ಆಗ ಅವಳು ಒಂದು ನೋಟ್‌ಬುಕ್ಕು ಕೊಟ್ಟಳು.

"ಸೇದಬೇಕು ಅನ್ನಿಸಿದಾಗೆಲ್ಲ ಇದರಲ್ಲಿ ಬರೀರಿ ಸರ್. ಬರೆಯೋಕೆ ಬೇಜಾರಾದ್ರೆ ಚಿತ್ರ ತೆಗೀರಿ. ಬಣ್ಣ ಹಚ್ಚಿದ್ರೂ ನಡಿತದೆ. ಮನಸ್ಸಿನಲ್ಲಿ ಇರೋದು ಪೇಪರ್ ಮೇಲೆ ಬಂದ್ರೆ ಹಗುರ ಆಗ್ತದೆ. ಮನೆಯವರೂ ಜೊತೆಗೆ ಇದ್ರೆ ಇನ್ನೂ ಒಳ್ಳೇದು."

ಜೊತೆಗೆ ಒಂದು ಉಸಿರಾಟವನ್ನೂ ಹೇಳಿಕೊಟ್ಟಳು. ನಾಲ್ಕು ಎಣಿಸುವವರೆಗೆ ಒಳಗೆ, ನಾಲ್ಕು ಎಣಿಸುವವರೆಗೆ ಹೊರಗೆ. ಹೆಂಡತಿಯೂ ಪಕ್ಕದಲ್ಲಿ ಕೂತು ಮಾಡಿ ನೋಡಿದಳು. ಅವಳ ಉಸಿರು ಎರಡಕ್ಕೇ ಮುಗಿದುಹೋಗುತ್ತಿತ್ತು.

ಮೊದಲ ದಿನ ನಾನು ಬರೆದದ್ದು, "ಸೇದಬೇಕು ಅನ್ನಿಸಿತು." ಅದರ ಕೆಳಗೆ, "ಈಗಲೂ ಅನ್ನಿಸುತ್ತಿದೆ." ಅದರ ಕೆಳಗೆ, "ಬರೆದ ಮೇಲೆ ಇನ್ನೂ ಜಾಸ್ತಿ ಅನ್ನಿಸಿತು." ಮೂರನೇ ದಿನದಿಂದ ಚಿತ್ರಕ್ಕೆ ಇಳಿದೆ. ನನಗೆ ಬರುವುದು ಪ್ಯಾಂಟಿನ ಭಾಗಗಳ ಚಿತ್ರ ಮಾತ್ರ. ಮುಂಗಾಲು, ಹಿಂಗಾಲು, ಸೊಂಟಪಟ್ಟಿ. ಮನಸ್ಸಿನ ತಳಮಳವನ್ನು ಸೊಂಟಪಟ್ಟಿಯ ರೂಪದಲ್ಲಿ ತೋಡಿಕೊಂಡವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಜೇಬಿನ ಚಿತ್ರ ಬರೆದಾಗ ಮಾತ್ರ ಕೈ ತಾನಾಗಿ ಅದರೊಳಗೊಂದು ಪ್ಯಾಕು ಬರೆದುಬಿಡುತ್ತಿತ್ತು. ಅಳಿಸುತ್ತಿದ್ದೆ, ಮತ್ತೆ ಬರೆಯುತ್ತಿದ್ದೆ.

ಹೆಂಡತಿಗೆ ಈ ಪುಸ್ತಕದ ಮೇಲೆ ಗೌರವ ಬಂದುಬಿಟ್ಟಿತು. ಅವಳು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು, ಅಕ್ಷರ ಬಾರದು. ನಾನು ಬರೆದು ಮುಗಿಸಿದ ಮೇಲೆ ಸಂಜೆ ಅದನ್ನು ತೆಗೆದುಕೊಂಡು, ಪುಟದ ಅಂಚಿನಲ್ಲಿ ಪೆನ್ನಿನಿಂದ ಚುಕ್ಕಿ ಇಡುತ್ತಿದ್ದಳು. ರಂಗೋಲಿ ಹಾಕುವ ಕೈ, ಸುಮ್ಮನಿರಲಾರದು ಎಂದುಕೊಂಡೆ. ಪುಟಕ್ಕೊಂದು ಅಂದ ಬಂದಿತ್ತು, ಬೇಡವೆನ್ನಲಿಲ್ಲ.

ಆದರೆ ಬರೀ ಪುಸ್ತಕದಿಂದ ಇದು ಆಗುವ ಕೆಲಸವಲ್ಲ ಎಂದು ಅವಳಿಗೆ ಅನ್ನಿಸಿತು. ನಮ್ಮ ಕಡೆ ಹರಕೆ ಹೊತ್ತರೆ ಮುಡಿಪು ಕಟ್ಟುತ್ತಾರೆ. ದೇವರಿಗೆ ಸಲ್ಲಬೇಕಾದ ಕಾಣಿಕೆಯನ್ನು ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ ಜಗಲಿಯ ಮೇಲಿಟ್ಟು, ಹರಕೆ ಕೈಗೂಡಿದ ಮೇಲೆ ಗುಡಿಗೆ ಹೋಗಿ ದೇವರ ಮುಂದೆಯೇ ಬಿಚ್ಚುವುದು. ಅಲ್ಲಿಯವರೆಗೆ ಗಂಟು ಮುಟ್ಟುವಂತಿಲ್ಲ, ಎಸೆಯುವಂತಿಲ್ಲ. ಎಲ್ಲರೂ ಅದರಲ್ಲಿ ಕಾಸೋ ಬೆಳ್ಳಿಯ ಚೂರೋ ಕಟ್ಟುತ್ತಾರೆ. ನನ್ನ ಹೆಂಡತಿ ಯೋಚನೆ ಮಾಡಿ, ನಾನು ಯಾವುದನ್ನು ಬಿಡಬೇಕೋ ಅದನ್ನೇ ದೇವರಿಗೆ ಬಿಟ್ಟುಕೊಡಬೇಕು ಎಂದು, ಅರ್ಧ ಉಳಿದಿದ್ದ ಪ್ಯಾಕನ್ನು ಹಳದಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದಳು. ಕುರುಗೋಡು ಬಸವಣ್ಣನ ಹೆಸರು ಹೇಳಿ ನನ್ನನ್ನು ಎದುರಿಗೆ ನಿಲ್ಲಿಸಿದಳು.

"ಇನ್ಮ್ಯಾಲ ಸಿಗರೇಟ್ ಕೈಯಾಗ ಹಿಡಿಯಂಗಿಲ್ಲ ಅನ್ರಿ."

"ಇನ್ಮ್ಯಾಲ ಸಿಗರೇಟ್ ಕೈಯಾಗ ಹಿಡಿಯಂಗಿಲ್ಲ" ಎಂದೆ. ಮಾತು ಸಣ್ಣದು, ಬೇಗ ಮುಗಿಯಿತು.

ಬಂದ ಸೋಮವಾರವೇ ಗಂಟನ್ನು ಮಡಿಲಲ್ಲಿಟ್ಟುಕೊಂಡು, ನನ್ನನ್ನೂ ಕರೆದುಕೊಂಡು ಕುರುಗೋಡಿನ ಬಸ್ಸು ಹತ್ತಿದಳು. ವಾರವಿಡೀ ಸೇದಿಲ್ಲವಲ್ಲ, ಹರಕೆ ಕೈಗೂಡಿದ ಹಾಗೇ ಎಂಬುದು ಅವಳ ಲೆಕ್ಕ. ಗುಡಿಯ ಪೂಜಾರಿಯವರು ಗಂಟು ಕೈಗೆ ತೆಗೆದುಕೊಂಡವರು ಒತ್ತಿ ನೋಡಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಅಗಲ ಮಾಡಿದರು.

"ಇದ್ರಾಗ ಏನೈತ್ರಿ?"

"ಸಿಗರೇಟ್ರಿ" ಎಂದಳು ಹೆಂಡತಿ, ತೆಂಗಿನಕಾಯಿ ಎಂದಷ್ಟೇ ಸಲೀಸಾಗಿ.

ಪೂಜಾರಿಯವರು ಒಮ್ಮೆ ಬಸವಣ್ಣನನ್ನು, ಒಮ್ಮೆ ನನ್ನನ್ನು ನೋಡಿದರು. ಪಾಪ, ಒಳ್ಳೆಯ ಮನುಷ್ಯ. ಬಯ್ಯಲಿಲ್ಲ. ಎಷ್ಟು ದಿನವಾಯಿತು ಬಿಟ್ಟು ಎಂದು ಕೇಳಿದರು. ಒಂದು ವಾರ ಎಂದೆ. "ವಾರಕ್ಕ ಏನೂ ಆಗಂಗಿಲ್ಲ. ನಮ್ಮ ತಮ್ಮ ನಾಲ್ಕು ಸಲ ವಾರ ವಾರ ಬಿಟ್ಟಾನ," ಎಂದರು. "ಪೂರ್ತಿ ಬಿಟ್ಟ ಮ್ಯಾಲ ತಂದು ಇಲ್ಲೇ ಬಿಚ್ಚ್ರಿ. ಅಲ್ಲೀ ತನಕ ಮನ್ಯಾಗ ಇಡ್ರಿ."

"ಎಸೆದುಬಿಟ್ರ ನಡಿಯಂಗಿಲ್ಲೇನ್ರಿ?" ಎಂದು ನಾನು ಆಸೆಯಿಂದ ಕೇಳಿದೆ. ಅದು ಎಲ್ಲಿ ಬೀಳುತ್ತದೆಂದು ಗೊತ್ತಿದ್ದರೆ ಸಾಕಿತ್ತು ನನಗೆ.

"ಮುಡಿಪು ಎಸಿತಾರೇನ್ರಿ ಯಾರರ?"

ಹೀಗೆ ದೇವರೂ ಒಲ್ಲೆ ಎಂದ ಪ್ಯಾಕು ಅದೇ ಬಸ್ಸಿನಲ್ಲಿ, ಅದೇ ಮಡಿಲಲ್ಲಿ ಮನೆಗೆ ಬಂದು ಜಗಲಿ ಏರಿತು. ಸಿಗರೇಟು ಬಿಡುವವನ ಮನೆಯಲ್ಲಿ ಸಿಗರೇಟು ಇರಬಾರದು ಎಂದು ಆಸ್ಪತ್ರೆಯ ಹುಡುಗಿ ಕೊಟ್ಟ ಕಾಗದದ ಮೊದಲ ಸಾಲಿನಲ್ಲೇ ಇತ್ತು. ನಮ್ಮ ಮನೆಯಲ್ಲಿ ಅದಕ್ಕೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗುತ್ತಿದ್ದರು. ನನಗೆ ಕಷ್ಟವಾಗುತ್ತಿದ್ದದ್ದು ಆ ಊದುಬತ್ತಿಯಿಂದ. ಒಂದು ತುದಿಯಲ್ಲಿ ಕೆಂಪಗೆ ಕೆಂಡ ಇಟ್ಟುಕೊಂಡು ಸಣ್ಣಗೆ ಹೊಗೆ ಬಿಡುತ್ತ ಅದು ಎದುರಿಗೇ ನಿಂತಿರುತ್ತಿತ್ತು. ಕೆಲವು ದಿನ ಬಿಟ್ಟು ಹೆಂಡತಿಯ ಕೆಮ್ಮಿಗೆಂದು ಊದುಬತ್ತಿ ನಿಲ್ಲಿಸಿದೆವು. ಒಳ್ಳೆಯ ಗಂಡ ಎನ್ನಿಸಿಕೊಂಡೆ.

ಆಮೇಲೆ ಶುರುವಾಯಿತು ಚಿಕಿತ್ಸೆಗಳ ಮೆರವಣಿಗೆ. ಸಿರುಗುಪ್ಪದಲ್ಲಿ ಹೆಂಡತಿಯ ತಮ್ಮ ಇದ್ದಾನೆ, ಭತ್ತದ ಗದ್ದೆ ಮಾಡಿಕೊಂಡಿದ್ದಾನೆ. ಅವನ ಮೊಬೈಲಿಗೆ ಬಾರದ ಔಷಧ ಈ ಲೋಕದಲ್ಲಿಲ್ಲ. ದಿನಕ್ಕೆ ಮೂರು ವಿಡಿಯೋ ಕಳಿಸಿ, "ಮಾವ, ಇದನ್ನ ಮಾಡಿ ನೋಡ್ರಿ" ಎನ್ನುತ್ತಿದ್ದ. ಮುಳ್ಳುಮುಳ್ಳಾದ ರಬ್ಬರ್ ಚಪ್ಪಲಿ ಹಾಕಿಕೊಂಡು ಕಟಿಂಗ್ ಮೇಜಿನ ಸುತ್ತ ಕುಣಿದೆ. ಅಂಗಾಲಿಗೆ ಎಳ್ಳೆಣ್ಣೆ ತಿಕ್ಕಿಸಿಕೊಂಡು ಜಾರಿ ಬಿದ್ದೆ. ಬೆಳಿಗ್ಗೆ ಪಾರ್ಕಿನಲ್ಲಿ ಕೈ ಮೇಲೆತ್ತಿ ಗಹಗಹಿಸಿ ನಗುವ ಗುಂಪಿಗೆ ಸೇರಿದೆ. ಅಲ್ಲಿ ಎಲ್ಲರೂ ನಕ್ಕು ಮುಗಿಸಿ, ಗೇಟಿನ ಹೊರಗೆ ಹೋಗಿ ಚಹಾದ ಜೊತೆ ಒಂದೊಂದು ಹಚ್ಚುತ್ತಿದ್ದರು. ನಾನೊಬ್ಬನೇ ಕಟ್ಟೆಯ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಸೊಂಟಪಟ್ಟಿ ಬರೆಯುತ್ತಿದ್ದೆ. ಆದರೂ ಒಂದೂವರೆ ತಿಂಗಳು ಸೇದಲಿಲ್ಲ. ಅದನ್ನು ಹೇಳಿಕೊಳ್ಳದೆ ಬಿಡುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಕೊನೆಯ ಚಿಕಿತ್ಸೆಗೆ ಹೆಂಡತಿಯ ತಮ್ಮ ನನ್ನನ್ನು ಸಿರುಗುಪ್ಪಕ್ಕೇ ಕರೆಸಿಕೊಂಡ. ಅವರ ಗದ್ದೆಯ ಹತ್ತಿರ ಒಬ್ಬ ಮಣ್ಣಿನ ಚಿಕಿತ್ಸೆ ಮಾಡುವವನು ಬೇವಿನ ಮರದ ಕೆಳಗೆ ತಗಡಿನ ಶೆಡ್ಡು ಹಾಕಿಕೊಂಡಿದ್ದ. ಮೈಗೆಲ್ಲ ಎರೆಮಣ್ಣು ಮೆತ್ತಿ ಬಿಸಿಲಿಗೆ ಕೂರಿಸಿದರೆ ರಕ್ತದಲ್ಲಿರುವ ವಿಷವನ್ನೆಲ್ಲ ಮಣ್ಣು ಹೀರಿಕೊಳ್ಳುತ್ತದಂತೆ. ಚಡ್ಡಿಯ ಮೇಲೆ ಕೂರಿಸಿ, ಕಾಲಿನಿಂದ ಕುತ್ತಿಗೆಯವರೆಗೆ, ಆಮೇಲೆ ಮುಖಕ್ಕೂ ಮೆತ್ತಿ, ಎರಡೂ ಕೈಗಳನ್ನು ತೊಡೆಗೆ ಅಂಟಿಸಿಬಿಟ್ಟ. "ಒಣಗೋ ತನಕ ಅಳ್ಳಾಡಬ್ಯಾಡ್ರಿ. ಅಳ್ಳಾಡಿದ್ರ ವಿಷ ಅರ್ಧಕ್ಕ ನಿಂದರತೈತಿ" ಎಂದು ಹೆದರಿಸಿ, ಹೆಂಡತಿಯ ತಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಊಟಕ್ಕೆ ಹೋದ.

ಎರೆಮಣ್ಣು ಒಣಗಿದರೆ ಹೇಗೆ ಹಿಡಿಯುತ್ತದೆ ಎಂದು ಆ ಸೀಮೆಯವರಿಗೆ ಹೇಳಬೇಕಾಗಿಲ್ಲ. ಅರ್ಧ ಗಂಟೆಯಲ್ಲಿ ನಾನು ಮಣ್ಣಿನ ಗೊಂಬೆಯಾಗಿದ್ದೆ. ಮೂಗಿನ ತುದಿ ಕೆರೆಯುತ್ತಿತ್ತು. ನೊಣ ಬಂದು ಕೂತು ಎದ್ದು ಹೋಗುತ್ತಿತ್ತು. ಆಗ ಪಕ್ಕದ ಗದ್ದೆಗೆ ನೀರು ಬಿಡುತ್ತಿದ್ದ ಒಬ್ಬ ಮುದುಕ ಬಂದು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಆಂಧ್ರದ ಕಡೆಯಿಂದ ಬಂದು ನೆಲೆಸಿದ ಮನೆತನದವನಿರಬೇಕು, ತೆಲುಗು ಕನ್ನಡ ಎರಡನ್ನೂ ಕಲಸಿ ಮಾತಾಡಿದ.

"ಅಯ್ಯೋ ಪಾಪಂ, ಏನಾಗೈತಪ್ಪ ನಿಂಗ?"

"ಸಿಗರೇಟ್ ಬಿಡಾಕತ್ತೀನಿ" ಎಂದೆ, ತುಟಿಯನ್ನಷ್ಟೇ ಅಲುಗಿಸಿ.

ಮುದುಕನ ಮನಸ್ಸು ಕರಗಿಹೋಯಿತು. ಸಿಗರೇಟು ಬೇಕಾಗಿದೆ, ಕೈ ಎತ್ತಲು ಬರುತ್ತಿಲ್ಲ ಎಂದು ಅವನಿಗೆ ಕಂಡಿರಬೇಕು. ಸೊಂಟದಿಂದ ಬೀಡಿ ತೆಗೆದು, ಹಚ್ಚಿ, ತಾನೊಂದು ದಮ್ಮು ಎಳೆದು, "ತಾಗು ನಾಯನಾ" ಎಂದು ತಾಯಿ ಮಗುವಿಗೆ ಅನ್ನ ಇಡುವ ಹಾಗೆ ನನ್ನ ತುಟಿಗೆ ಇಟ್ಟ. ಸೇದಪ್ಪ ಎನ್ನುವುದಕ್ಕೆ ಅವರು ಹಾಗೆನ್ನುತ್ತಾರೆ. ನಾನು ಬೇಡವೆನ್ನಬಹುದಿತ್ತು. ತುಟಿ ಬಿಗಿ ಹಿಡಿಯಬಹುದಿತ್ತು. ಕೈಯಲ್ಲಿ ಹಿಡಿಯುವುದಿಲ್ಲ ಎಂದಷ್ಟೇ ತಾನೇ ಆಣೆ ಮಾಡಿದ್ದು, ಕೈ ತೊಡೆಗೆ ಅಂಟಿಕೊಂಡಿದೆಯಲ್ಲ ಎಂಬ ವಕೀಲಿಕೆ ಒಂದೇ ಕ್ಷಣದಲ್ಲಿ ತಲೆಯಲ್ಲಿ ಎದ್ದು ನಿಂತಿತು. ಎಳೆದೆ. ಪೂರ್ತಿ ಬೀಡಿ ಮುಗಿಸಿದೆ. ಕೆನ್ನೆ ಒಳಗೆ ಹೋಗಿ ಹೊರಗೆ ಬಂದ ಹಾಗೆಲ್ಲ ಮುಖದ ಮಣ್ಣು ಬಿರಿಯಿತು. ಮುದುಕ ಬೀಡಿಯ ತುಂಡನ್ನು ಕಾಲುವೆಗೆ ಎಸೆದು, ದೇವರು ಒಳ್ಳೇದು ಮಾಡಲಿ ಎಂದು ಹರಸಿ ಹೋದ.

ಚಿಕಿತ್ಸೆಯವನು ವಾಪಸ್ ಬಂದು ನನ್ನ ಮುಖ ನೋಡಿದವನೇ ಹೆಂಡತಿಯ ತಮ್ಮನನ್ನು ಕೈ ಹಿಡಿದು ಎಳೆದುಕೊಂಡು ಬಂದ. "ನೋಡ್ರಿ, ಬಾಯಿ ಸುತ್ತ ಹೆಂಗ ಬಿರಿದೈತಿ. ವಿಷ ಹೊರಗ ಬರಾಕತ್ತೈತಿ. ವಾಸನಿ ತಗೋರಿ ಬೇಕಾದ್ರ." ಹೆಂಡತಿಯ ತಮ್ಮ ಬಗ್ಗಿ ಮೂಸಿ ನೋಡಿದ. ಅವನ ಕಣ್ಣು ತುಂಬಿ ಬಂತು. "ಖರೇನ, ಮಾವ. ಮೂವತ್ತೈದು ವರ್ಷದ ಹೊಗಿ ಒಮ್ಮಿಗೇ ಹೊಂಟೈತಿ" ಎಂದು ಅಲ್ಲಿಂದಲೇ ಅಕ್ಕನಿಗೆ ಫೋನು ಹಚ್ಚಿದ. ಇನ್ನೂ ಒಂದು ತಿಂಗಳು ಮೈಯಿಂದ ಇದೇ ವಾಸನೆ ಬರುತ್ತದೆ, ಹೆದರಬೇಡ್ರಿ ಎಂದು ಚಿಕಿತ್ಸೆಯವನೂ ಫೋನಿನಲ್ಲಿ ಹೇಳಿದ. ಗೊಂಬೆಯ ಹಾಗೆ ಕೂತಿದ್ದ ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ.

ಆ ದಿನದ ಪುಟದಲ್ಲಿ, "ಇವತ್ತೂ ಸೇದಲಿಲ್ಲ. ವಿಷ ಹೊರಗೆ ಹೋಯಿತು. ಗೆದ್ದೆ" ಎಂದು ದಪ್ಪ ಅಕ್ಷರದಲ್ಲಿ ಬರೆದು, ಮೊದಲ ಸಲ ಪ್ಯಾಂಟು ಬಿಟ್ಟು ಬೇರೆ ಚಿತ್ರ ಬಿಡಿಸಿದೆ. ಒಂದು ಬಾವುಟ.

ಬಳ್ಳಾರಿಗೆ ಬಂದ ಮೇಲೆ ನಡೆದದ್ದನ್ನು ಹೇಳಲು ಈಗಲೂ ಮುಖ ಬಿಸಿಯಾಗುತ್ತದೆ. ನಮ್ಮ ವರ್ಕ್‌ಶಾಪಿನಲ್ಲಿ ಪ್ಯಾಂಟಿಗೆ ಗುಂಡಿ ಹೊಡೆಯುವ ಒಬ್ಬ ಭಾಯ್ ಇದ್ದಾರೆ, ನನಗಿಂತ ಹತ್ತು ವರ್ಷ ದೊಡ್ಡವರು. ನಮ್ಮ ಮನೆಯ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಅವರ ಮಷೀನು. ಅವರ ಹತ್ತಿರ ಹೋಗಿ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, "ಭಾಯ್, ಸ್ವಲ್ಪ ಹಿಡೀರಿ" ಎಂದೆ. ಅವರು ಸಿಗರೇಟು ಹಚ್ಚಿ ನನ್ನ ಬಾಯಿಗೆ ಹಿಡಿದರು. ಮರುದಿನವೂ ಹಿಡಿದರು. ಮೂರು ವಾರ ಹೀಗೇ ನಡೆಯಿತು. ಬಜಾರಿನ ನಡುಹಗಲಿನಲ್ಲಿ, ಆಟೋಗಳು ಹಾರ್ನ್ ಹೊಡೆಯುತ್ತ ಹೋಗುವಾಗ, ಐವತ್ತೆರಡು ವರ್ಷದ ಮನುಷ್ಯ ಬಾಯಿ ಮುಂದೆ ಚಾಚಿಕೊಂಡು ನಿಂತಿರುತ್ತಿದ್ದೆ. ಭಾಯ್ ಎಡಗೈಯಲ್ಲಿ ನನಗೆ ಸೇದಿಸುತ್ತ ಬಲಗೈಯಲ್ಲಿ ಗುಂಡಿ ಹೊಡೆಯುತ್ತಿದ್ದರು. ಕೊನೆಕೊನೆಗೆ ಅವರಿಗೂ ಸಾಕಾಯಿತು. "ಮಾಸ್ಟರ್, ನಮ್ಮ ಬೇಗಂಗೂ ನಾ ಹಿಂಗ ತಿನಿಸಿಲ್ಲ. ನಿಮ್ಮ ಆಣಿ-ಕಸಮ್ ನಿಮ್ಮ ಕೈಗೆ ಐತಿ, ನನ್ನ ಕೈಗೆ ಯಾಕ್ರಿ ಶಿಕ್ಷಾ?" ಎಂದರು.

ಮನೆಗೆ ಹೋದರೆ ಹೆಂಡತಿ ವಾಸನೆಗೆ ತಲೆಯೆತ್ತಿ ನೋಡಿ ಮುಗುಳ್ನಗುತ್ತಿದ್ದಳು. ಚಿಕಿತ್ಸೆಯವನ ಒಂದು ತಿಂಗಳ ಮಾತು ನನಗೆ ಕೊಡೆಯಾಗಿತ್ತು. ನೋಟ್‌ಬುಕ್ಕಿನಲ್ಲಿ ದಿನಾ "ಸೇದಲಿಲ್ಲ" ಎಂದು ಬರೆದು ಬಾವುಟ ಹಾರಿಸುತ್ತಿದ್ದೆ.

ಮೂರು ವಾರ ಮುಗಿದ ಮೇಲೆ ಆಸ್ಪತ್ರೆಯ ಹುಡುಗಿ ಇಬ್ಬರನ್ನೂ ಕರೆಸಿದಳು. ನೋಟ್‌ಬುಕ್ಕು ತಿರುವಿ ಹಾಕುತ್ತ, ಸೊಂಟಪಟ್ಟಿಗಳನ್ನು ನೋಡಿ ನಕ್ಕಳು. ಬಾವುಟಗಳನ್ನು ನೋಡಿ, "ಬಹಳ ಚಂದ ಸರ್" ಎಂದಳು. ನಾನು ನೆಟ್ಟಗೆ ಕೂತೆ. ಆಮೇಲೆ ಅವಳು ಹಿಂದಿನ ಪುಟಕ್ಕೆ ಹೋದಳು, ಮುಂದಿನ ಪುಟಕ್ಕೆ ಬಂದಳು, ಮತ್ತೆ ಹಿಂದೆ ಹೋದಳು.

"ಈ ಚುಕ್ಕಿ ಯಾರು ಇಟ್ಟಿದ್ದು?"

"ನಮ್ಮ ಮನೆಯವಳು. ರಂಗೋಲಿ ಹವ್ಯಾಸ" ಎಂದೆ.

ಹೆಂಡತಿ ನಾಚಿಕೊಂಡು, "ರಂಗೋಲಿ ಅಲ್ರಿ. ನೀವು ಮನೆಯವರೂ ಇರ್ಲಿ ಅಂದಿದ್ರಲ್ರಿ. ನನಗ ಬರಿಯಾಕ ಬರಂಗಿಲ್ಲ. ಅದಕ್ಕ ಒಂದು ಸಲ ಕೆಮ್ಮು ಬಂದ್ರ ಒಂದು ಚುಕ್ಕಿ ಇಟ್ಟೀನಿ. ತಪ್ಪಾತೇನ್ರಿ?" ಎಂದಳು.

ತಪ್ಪಿಲ್ಲ ಎಂದು ಹುಡುಗಿ ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿಟ್ಟಳು. ಮೊದಲ ವಾರದ ಪುಟಗಳ ಅಂಚು ಚುಕ್ಕಿಗಳಿಂದ ಕಪ್ಪಾಗಿತ್ತು. ಹೋಗ್ತಾ ಹೋಗ್ತಾ ತೆಳುವಾಗಿತ್ತು. ನಾನು ಸಿರುಗುಪ್ಪಕ್ಕೆ ಹೋಗುವ ಹಿಂದಿನ ಪುಟಗಳಲ್ಲಿ ಎರಡು, ಮೂರು, ಒಂದು ಪುಟದಲ್ಲಿ ಬರೀ ಒಂದು. ಬಾವುಟದ ಪುಟಗಳು ಶುರುವಾದಲ್ಲಿಂದ ಮತ್ತೆ ನಾಲ್ಕು, ಏಳು, ಒಂಬತ್ತು. ಮತ್ತೆ "ಗೆದ್ದೆ" ಎಂದು ದಪ್ಪಗೆ ಬರೆದು ದೊಡ್ಡ ಬಾವುಟ ಹಾಕಿದ್ದ, ಆಸ್ಪತ್ರೆಗೆ ಬರುವ ಹಿಂದಿನ ದಿನದ ಪುಟದಲ್ಲಿ ಹದಿಮೂರು ಚುಕ್ಕಿ ಇದ್ದವು. ಒಂದೇ ಪುಟದಲ್ಲಿ ನನ್ನ ಸುಳ್ಳು ಅಕ್ಷರದಲ್ಲಿತ್ತು, ಅದರ ಪಕ್ಕದಲ್ಲೇ ಅವಳ ಎದೆ ಇದ್ದದ್ದನ್ನು ಇದ್ದ ಹಾಗೆ ಹೇಳಿತ್ತು. ದಿನಾ ಕಣ್ಣ ಮುಂದಿದ್ದರೂ ನಾನು ಓದಿರಲಿಲ್ಲ. ಓದಲು ಬರುವವನು ನಾನೇ ಆಗಿದ್ದೆ.

ಹುಡುಗಿ ನನ್ನನ್ನು ಸರ್ ಎನ್ನಲಿಲ್ಲ. ಜಗಿಯುವ ಗೋಲಿಯ ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದಳು. ಈ ಸಲ ತೆಗೆದುಕೊಂಡೆ.

ಮನೆಗೆ ಬಂದ ಮೇಲೆ ಹೆಂಡತಿ ನೋಟ್‌ಬುಕ್ಕು ನನ್ನ ಕೈಗಿಟ್ಟು, "ಆಕಿ ಅಷ್ಟೊತ್ತು ಓದಿದಳಲ್ಲ. ಏನು ಬರದೀರಿ, ನನಗೂ ಓದ್ರಿ" ಎಂದು ಎದುರಿಗೆ ಕೂತಳು. ದಾರ ಕತ್ತರಿಸುವ ಕತ್ತರಿ ಕೈಯಲ್ಲೇ ಇತ್ತು. ಓದಿದೆ. ಮೊದಲ ಪುಟಗಳಿಗೆ ನಕ್ಕಳು. ಬಾವುಟದ ಪುಟಕ್ಕೆ ಬಂದೆ. ಅಲ್ಲಿ ಬರೆದದ್ದನ್ನು ಓದಲಿಲ್ಲ. "ಇವತ್ತು ಸೇದಿದೆ" ಎಂದೆ. ಪುಟ ತಿರುವಿ, "ಇವತ್ತೂ ಸೇದಿದೆ" ಎಂದೆ. ಮುದುಕನ ಬೀಡಿಯಿಂದ ಭಾಯ್‌ನ ಎಡಗೈವರೆಗೆ ಎಲ್ಲ ಹೇಳಿದೆ. ಕಿಟಕಿಯ ಕೆಳಗೇ ನಿಂತು ಸೇದಿದ್ದನ್ನೂ ಹೇಳಿದೆ.

ಅವಳು ಕತ್ತರಿಯನ್ನು ನೆಲದ ಮೇಲಿಟ್ಟಳು. ಬಯ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ನಾನೂ ಎರಡು ಮಾತು ಬಯ್ದು ಮುಗಿಸುತ್ತಿದ್ದೆ.

"ಹಂಗಾದ್ರ ಅದು ವಿಷ ಹೊರಗ ಬರೋ ವಾಸನಿ ಅಲ್ಲ" ಎಂದಳು. "ನಾ ಅದು ಬಂದಾಗೆಲ್ಲ ಖುಷಿಪಟ್ಟೀನಿ. ಛಲೋ ಆತು, ಇವರದು ಹೊಂಟೈತಿ ಅಂತ. ಕಿಟಕಿ ಹತ್ರ ಕುಂತು ವಾಸನಿ ತಗೊಂಡೀನಿ."

ಆ ಮಾತು ಕೇಳಿದ ಮೇಲೆ ನಾನು ಅತ್ತೆ. ಮೂರು ವಾರ ಅವಳು ನನ್ನ ಹೊಗೆಯನ್ನು ಸಂತೋಷದಿಂದ ಎಳೆದುಕೊಂಡಿದ್ದಳು. ಮುಖ ತಿರುಗಿಸಿಕೊಳ್ಳುವ ಅಭ್ಯಾಸವನ್ನೂ ನನ್ನ ಸುಳ್ಳು ಬಿಡಿಸಿತ್ತು. ಅವತ್ತಿನಿಂದ ಸೇದಿಲ್ಲ. ಗೋಲಿ ಜಗಿದೆ, ಉಸಿರು ಎಣಿಸಿದೆ, ಸೊಂಟಪಟ್ಟಿ ಬರೆದೆ. ಭಾಯ್ ನನ್ನನ್ನು ಕಂಡರೆ ಎರಡೂ ಕೈಗಳನ್ನು ತಾವೇ ಬೆನ್ನ ಹಿಂದೆ ಕಟ್ಟಿಕೊಳ್ಳಲು ಶುರುಮಾಡಿದರು.

ಚುಕ್ಕಿಗಳು ಪೂರ್ತಿ ಹೋಗಲಿಲ್ಲ. ಒಂದಿಷ್ಟು ಉಳಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ದಿನಕ್ಕೆ ಒಂದೋ ಎರಡೋ, ಕೆಲವು ದಿನ ಖಾಲಿ. ಅವಳ ಉಸಿರು ಮೂರು ದಾಟಿ ನಾಲ್ಕಕ್ಕೆ ಬಂದ ಸೋಮವಾರ ಮುಡಿಪು ತೆಗೆದುಕೊಂಡು ಮತ್ತೆ ಕುರುಗೋಡಿಗೆ ಹೋದೆವು. ಪೂಜಾರಿಯವರಿಗೆ ಗಂಟಿನ ಗುರುತು ಹತ್ತಿತು, ನಮ್ಮದು ಹತ್ತಲಿಲ್ಲ. ಬಸವಣ್ಣನ ಮುಂದೆ ಬಿಚ್ಚಿದರು. ಏಳು ತಿಂಗಳು ದಿನಾ ನೀರು ಚಿಮುಕಿಸಿ, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ್ದಕ್ಕೆ ಒಳಗಿನ ಪ್ಯಾಕು ಬೂಷ್ಟು ಹಿಡಿದು ಹಸಿರಾಗಿತ್ತು. ಇದಕ್ಕಾ ನಾನು ತುಟಿ ನಡುಗಿಸಿ ಕೈ ಮುಗಿದದ್ದು ಎನ್ನಿಸಿತು. ಪೂಜಾರಿಯವರು ಅದನ್ನು ಎರಡು ಬೆರಳಲ್ಲಿ ಎತ್ತಿ ಕೊಟ್ಟು, ಹೊರಗೆ ಕಸದ ಗಾಡಿ ನಿಂತಿದೆ, ಹಾಕಿಬಿಡ್ರಿ ಎಂದರು. ಹಳದಿ ಬಟ್ಟೆಯನ್ನು ಮಾತ್ರ ದೇವರ ಪಾದದ ಹತ್ತಿರ ಇಟ್ಟುಕೊಂಡರು.

ಬರುವಾಗ ಬಸ್ ನಿಲ್ದಾಣದವರೆಗೆ ನಡೆದೇ ಹೋಗೋಣ ಎಂದಳು ಹೆಂಡತಿ. ಬಿಸಿಲಿತ್ತು. ಮೊದಲ ಸಲ ಬಂದಾಗ ಇದೇ ದಾರಿಯಲ್ಲಿ ಅವಳನ್ನು ಮೂರು ಕಡೆ ಕೂರಿಸಿದ್ದೆ. ಈ ಸಲ ಅವಳು ಮುಂದೆ ಮುಂದೆ ಹೋದಳು. ಅರ್ಧ ದಾರಿಯಲ್ಲಿ ನನಗೇ ಕೆಮ್ಮು ಬಂತು. ಸಿಗರೇಟು ಬಿಟ್ಟ ಮೇಲೆ ಎದೆಯಲ್ಲಿದ್ದದ್ದು ಸಡಿಲವಾಗಿ ಹೀಗಾಗುತ್ತದೆ ಎಂದು ಹುಡುಗಿ ಹೇಳಿದ್ದಳು. ಒಂದು ಅಂಗಡಿಯ ಮುಂದಿನ ಕಟ್ಟೆ ಹಿಡಿದು, ಹೊಟ್ಟೆ ಹಿಡಿದು, ಅವಳು ಒಲೆ ಮುಂದೆ ಬಗ್ಗುತ್ತಿದ್ದ ಹಾಗೆಯೇ ಬಗ್ಗಿಬಿಟ್ಟೆ.

ಅವಳು ತಿರುಗಿ ಬಂದು ಬೆನ್ನು ಸವರಿದಳು. "ಕುಂದರ್ರಿ, ಅವಸರ ಇಲ್ಲ" ಎಂದಳು. ಆಮೇಲೆ ಚೀಲದಿಂದ ನೋಟ್‌ಬುಕ್ಕು ತೆಗೆದು, ಮೊಣಕಾಲ ಮೇಲಿಟ್ಟುಕೊಂಡು, ಅವತ್ತಿನ ಪುಟದಲ್ಲಿ ಒಂದು ಚುಕ್ಕಿ ಇಟ್ಟಳು. ಅವಳ ಚುಕ್ಕಿಗಳಿದ್ದ ಅಂಚಿನಲ್ಲಲ್ಲ, ನಾನು ಬರೆಯುವ ಕಡೆಯಲ್ಲಿ.

"ಇದು ನಿಮ್ಮದು" ಎಂದಳು.

ನನಗೆ ಇನ್ನೊಂದು ಕೆಮ್ಮು ಬರುವ ಹಾಗಿತ್ತು. ಪೆನ್ನಿನ ಮುಚ್ಚಳ ಹಾಕದೆ ಅವಳು ಪಕ್ಕದಲ್ಲೇ ಕಾಯುತ್ತ ಕೂತಳು.